ಓಡಿಸದೆ ಓದುವುದು: ಮಾದರಿ ಪರಿವರ್ತನಾ ಕೋಡ್‌ನ ಸ್ಥಿರ ವಿಶ್ಲೇಷಣೆಯ ಇತಿಹಾಸ

ಒಂದು ಬಗೆಯ ಮಾದರಿಯನ್ನು ಓದಿ ಇನ್ನೊಂದು ಬಗೆಯ ಮಾದರಿಯನ್ನು ಕಟ್ಟಿಕೊಡುವ ಪ್ರೋಗ್ರಾಂಗೆ ಮಾದರಿ ಪರಿವರ್ತನೆ ಎಂದು ಹೆಸರು. ತಂತ್ರಾಂಶದ ವಿನ್ಯಾಸ ತೋರಿಸುವ ಕ್ಲಾಸ್ ಚಿತ್ರವನ್ನು ಡೇಟಾಬೇಸಿನ ಟೇಬಲ್‌ಗಳಾಗಿ ಬದಲಿಸುವುದು ಇದಕ್ಕೆ ಪಠ್ಯಪುಸ್ತಕಗಳು ಕೊಡುವ ಹಳೆಯ ಉದಾಹರಣೆ. ಮಾದರಿಯೊಂದರಲ್ಲಿ ಯಾವ ಯಾವ ಅಂಶಗಳಿರಬಹುದು, ಅವುಗಳ ನಡುವೆ ಎಂಥ ಕೊಂಡಿಗಳಿರಬಹುದು ಎಂಬುದನ್ನು ಮೆಟಾಮಾಡೆಲ್ ಗೊತ್ತುಮಾಡುತ್ತದೆ. ಪರಿವರ್ತನೆ ಇಂಥ ಎರಡು ಮೆಟಾಮಾಡೆಲ್‌ಗಳ ನಡುವೆ ನಿಂತು ಕೆಲಸ ಮಾಡುತ್ತದೆ. ಈ ಕೋಡನ್ನು ಒಮ್ಮೆಯೂ ಓಡಿಸದೆ, ಮತ್ತೊಂದು ಪ್ರೋಗ್ರಾಂನಿಂದ ಓದಿಸಿ, ಅದು ಏನನ್ನು ಮುಟ್ಟುತ್ತದೆ, ಎಲ್ಲಿ ಎಡವುತ್ತದೆ, ಯಾವ ನಿಯಮ ಎಂದೂ ಕೆಲಸಕ್ಕೆ ಬಾರದು ಎಂದು ತಿಳಿಯುವ ವಿದ್ಯೆಗೆ ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ಸ್ಪಷ್ಟ ರೂಪ ಬಂತು. ಅದರ ಬೆಳವಣಿಗೆಯಲ್ಲಿ ಎರಡು ಘಟ್ಟಗಳಿವೆ. ಕೋಡನ್ನೇ ದತ್ತಾಂಶವನ್ನಾಗಿ ಮಾಡಿ ಕೈಗೆ ಸಿಗುವಂತೆ ಇಟ್ಟದ್ದು ಮೊದಲನೆಯದು. ಹಾಗೆ ಸಿಕ್ಕ ಕೋಡಿನಲ್ಲಿ ಯಾರೂ ಬರೆದಿರದ ಟೈಪ್‌ಗಳನ್ನು, ಅಂದರೆ ಯಾವ ಬೆಲೆ ಯಾವ ಬಗೆಯದು ಎಂಬುದನ್ನು, ಊಹಿಸಿ ತುಂಬಿದ್ದು ಎರಡನೆಯದು. ಮೊದಲನೆಯದರಿಂದ ಎರಡನೆಯದಕ್ಕೆ ಬರಲು ಹತ್ತಿರ ಹತ್ತು ವರ್ಷ ಹಿಡಿಯಿತು.

ಪ್ರೋಗ್ರಾಮನ್ನು ಓಡಿಸದೆ ಅದರ ನಡತೆ ಹೇಳುವುದಕ್ಕೆ ಎಷ್ಟು ಎಲ್ಲೆಯಿದೆ ಎಂಬುದು ಕಂಪ್ಯೂಟರ್‌ಗಳು ಬರುವ ಮೊದಲೇ ತಿಳಿದಿತ್ತು. ಯಾವುದೇ ಪ್ರೋಗ್ರಾಂ ನಿಲ್ಲುತ್ತದೆಯೋ ಇಲ್ಲವೋ ಎಂದು ನಿರ್ಣಯಿಸುವ ಸಾರ್ವತ್ರಿಕ ವಿಧಾನ ಇರಲಾರದೆಂದು ಅಲನ್ ಟ್ಯೂರಿಂಗ್ 1936ರಲ್ಲಿ ತೋರಿಸಿದರು. ನಡತೆಗೆ ಸಂಬಂಧಿಸಿದ ಯಾವ ಮುಖ್ಯ ಪ್ರಶ್ನೆಗೂ ಇದೇ ಗತಿ ಎಂಬುದನ್ನು ಹೆನ್ರಿ ಗಾರ್ಡನ್ ರೈಸ್ 1953ರಲ್ಲಿ ಸಾಧಿಸಿದರು. ಹಾಗಿದ್ದರೂ ಕೆಲಸ ನಿಲ್ಲಲಿಲ್ಲ. ನಿಖರ ಉತ್ತರದ ಬದಲು ಸುರಕ್ಷಿತ ಅಂದಾಜಿಗೆ ತೃಪ್ತಿಪಟ್ಟರೆ ಸಾಕಷ್ಟು ದೂರ ಹೋಗಬಹುದೆಂದು ಗ್ಯಾರಿ ಕಿಲ್ಡಾಲ್ 1973ರಲ್ಲಿ ದತ್ತಾಂಶ ಹರಿವಿನ ವಿಶ್ಲೇಷಣೆಯಿಂದಲೂ, ಪ್ಯಾಟ್ರಿಕ್ ಮತ್ತು ರಾಧಿಯಾ ಕೂಸೋ 1977ರಲ್ಲಿ ಅಮೂರ್ತ ವ್ಯಾಖ್ಯಾನದಿಂದಲೂ ತೋರಿಸಿಕೊಟ್ಟರು. ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಅದೇ ದಶಕದ ಕೊನೆಯಲ್ಲಿ ಬರೆದ ‘ಲಿಂಟ್’ ಸಿ ಭಾಷೆಯ ಕೋಡಿನಲ್ಲಿ ಅನುಮಾನಾಸ್ಪದ ಜಾಗಗಳನ್ನು ಹೆಕ್ಕಿ ತೋರಿಸುತ್ತಿತ್ತು. ಬಟ್ಟೆಗೆ ಅಂಟಿದ ನೂಲಿನ ಜೂಲಿಗೆ ಇಂಗ್ಲಿಷಿನಲ್ಲಿರುವ ಹೆಸರೇ ಆ ಸಾಧನದ ಹೆಸರಾಯಿತು.

ಅಂಶಗಳೂ ಕೊಂಡಿಗಳೂ ಸೇರಿದ ಮಾದರಿಯನ್ನು ಗ್ರಾಫ್ ಆಗಿ ಕಾಣಬಹುದಾದ್ದರಿಂದ, ಪರಿವರ್ತನೆಗಳ ಮಟ್ಟಿಗೆ ಮೊದಲ ಗಟ್ಟಿ ನೆಲೆ ಸಿಕ್ಕಿದ್ದು ಗ್ರಾಫ್ ಪುನರ್ಲೇಖನದ ಗಣಿತದಲ್ಲಿ. ಹಾರ್ಟ್‌ಮುಟ್ ಏರಿಗ್, ಮೈಕೆಲ್ ಫೆಂಡರ್ ಮತ್ತು ಹ್ಯಾನ್ಸ್ ಯುರ್ಗನ್ ಶ್ನೈಡರ್ 1973ರಲ್ಲಿ ಇದಕ್ಕೆ ಬೀಜಗಣಿತದ ಅಡಿಪಾಯ ಹಾಕಿದರು. ಅಲ್ಲಿ ನಿಯಮವೆಂದರೆ ಎಡಕ್ಕೊಂದು ಗ್ರಾಫ್, ಬಲಕ್ಕೊಂದು ಗ್ರಾಫ್. ಎಡದ್ದು ಕಂಡಲ್ಲಿ ಬಲದ್ದನ್ನು ಕೂರಿಸಬೇಕು. ನಿಯಮವೇ ಗ್ರಾಫ್ ಆಗಿರುವುದರಿಂದ ಅದನ್ನು ಓದಲು ಪಠ್ಯ ಬಿಡಿಸುವ ಬೇರೆ ಪಾರ್ಸರ್ ಬೇಕಿಲ್ಲ. ಎರಡು ನಿಯಮಗಳು ಒಂದೇ ಜಾಗಕ್ಕೆ ಬಂದು ಒಂದರ ಕೆಲಸವನ್ನು ಇನ್ನೊಂದು ಕೆಡಿಸಬಲ್ಲ ಅತಿ ಚಿಕ್ಕ ಸಂದರ್ಭಗಳನ್ನು ಮೊದಲೇ ಪಟ್ಟಿಮಾಡುವ ‘ನಿರ್ಣಾಯಕ ಜೋಡಿ’ಗಳ ವಿಶ್ಲೇಷಣೆ ಇಲ್ಲಿ ಬೆಳೆಯಿತು. ಬರ್ಲಿನ್ನಿನಲ್ಲಿ ರೂಪುಗೊಂಡ ‘ಎಜಿಜಿ’ ಸಾಧನದಲ್ಲಿ ಅದು ಬಳಕೆಗೂ ಬಂತು. ಆದರೆ ಗ್ರಾಫ್ ಪುನರ್ಲೇಖನ ನಿಲ್ಲುತ್ತದೆಯೇ ಎಂಬ ಪ್ರಶ್ನೆಯೂ ಸಾಮಾನ್ಯವಾಗಿ ಅನಿರ್ಣೇಯವೆಂದು ಡೆಟ್‌ಲೆಫ್ ಪ್ಲಂಪ್ 1998ರಲ್ಲಿ ಸಾಧಿಸಿದಾಗ, ಟ್ಯೂರಿಂಗನ ಗೋಡೆ ಇಲ್ಲಿಗೂ ಚಾಚಿದೆ ಎಂಬುದು ಖಚಿತವಾಯಿತು.

ಉದ್ಯಮ ಹಿಡಿದ ದಾರಿ ಬೇರೆ. ತಂತ್ರಾಂಶದ ವಿನ್ಯಾಸ ಬರೆಯುವ ಚಿತ್ರಭಾಷೆ ಯುಎಂಎಲ್ ಅನ್ನು 1997ರಲ್ಲಿ ಮಾನಕವಾಗಿ ಅಂಗೀಕರಿಸಿದ್ದ ಒಎಂಜಿ ಎಂಬ ಒಕ್ಕೂಟ, ಮಾದರಿಗಳಿಂದಲೇ ತಂತ್ರಾಂಶ ಹುಟ್ಟಬೇಕೆಂಬ ಎಂಡಿಎ ಯೋಜನೆಯನ್ನು 2000–2001ರ ಹೊತ್ತಿಗೆ ಮುಂದಿಟ್ಟಿತು. ಮಾದರಿಗಳನ್ನು ಬದಲಿಸುವ ಭಾಷೆ ಇಲ್ಲದೆ ಅದು ನಡೆಯುವಂತಿರಲಿಲ್ಲ. ಅಂಥ ಭಾಷೆಗೆ ಪ್ರಸ್ತಾವಗಳನ್ನು ಕೇಳಿ 2002ರಲ್ಲಿ ಹೊರಟ ಕ್ಯೂವಿಟಿ ಎಂಬ ಆಹ್ವಾನದಲ್ಲಿ ಒಂದು ಕಡ್ಡಾಯ ಷರತ್ತಿತ್ತು: ಪರಿವರ್ತನಾ ಭಾಷೆಯ ಅಮೂರ್ತ ರಚನೆಯನ್ನೂ ಒಎಂಜಿಯ ಎಂಒಎಫ್ ಪದ್ಧತಿಯಲ್ಲಿ ಮೆಟಾಮಾಡೆಲ್ ಆಗಿಯೇ ಬರೆದುಕೊಡಬೇಕು. ಕಚೇರಿ ಕಾಗದದ ಒಣ ಸಾಲಿನಂತೆ ಕಾಣುವ ಇದೇ ಈ ಇತಿಹಾಸದ ತಿರುವು ಎನ್ನಬೇಕು. ಭಾಷೆಗೆ ಮೆಟಾಮಾಡೆಲ್ ಇದೆಯೆಂದರೆ ಆ ಭಾಷೆಯಲ್ಲಿ ಬರೆದ ಪ್ರತಿಯೊಂದು ಪ್ರೋಗ್ರಾಮೂ ಒಂದು ಮಾದರಿ. ಮಾದರಿಯೆಂದ ಮೇಲೆ ಅದನ್ನು ಬೇರೆ ಮಾದರಿಗಳಂತೆಯೇ ತೆರೆದು, ಸುತ್ತಿ, ಪ್ರಶ್ನಿಸಬಹುದು. ಈ ಆಹ್ವಾನದಿಂದ ಹುಟ್ಟಿದ ಕ್ಯೂವಿಟಿ ಮಾನಕವನ್ನು ರೂಪಿಸಿದ ಸಂಸ್ಥೆಗಳ ಸಾಲಿನಲ್ಲಿ ಭಾರತದ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಕೂಡ ಇತ್ತು. ಕ್ಯೂವಿಟಿ 2005ರಲ್ಲಿ ಅಂಗೀಕಾರ ಪಡೆದು 2008ರಲ್ಲಿ 1.0 ಆವೃತ್ತಿಯಾಗಿ ಹೊರಬಂತು. ಅದರೊಳಗೆ ರಿಲೇಷನ್ಸ್, ಕೋರ್, ಆಪರೇಷನಲ್ ಎಂಬ ಮೂರು ಭಾಷೆಗಳಿವೆ.

ಅದೇ ಆಹ್ವಾನದ ಸಂದರ್ಭದಲ್ಲಿ ಫ್ರಾನ್ಸಿನ ನಾಂತ್‌ನಲ್ಲಿ ಜಾನ್ ಬೆಜಿವೆನ್ ಅವರ ತಂಡ ಎಟಿಎಲ್ ಭಾಷೆಯನ್ನು ಕಟ್ಟಿತು. ಫ್ರೆಡೆರಿಕ್ ಜೂಓ ಮತ್ತು ಇವಾನ್ ಕುರ್ತೆವ್ 2005ರಲ್ಲಿ ಅದನ್ನು ವಿವರವಾಗಿ ಪರಿಚಯಿಸಿದರು. ಎಟಿಎಲ್ ಪ್ರೋಗ್ರಾಂ ಬರಹಗಾರನ ಕಣ್ಣಿಗೆ ಬರೀ ಪಠ್ಯ. ಪಠ್ಯವನ್ನು ಮಾದರಿಯಾಗಿಸಲು ಅದೇ ತಂಡ ಟಿಸಿಎಸ್ ಎಂಬ ಇನ್ನೊಂದು ಭಾಷೆಯನ್ನು 2006ರಲ್ಲಿ ಪ್ರಕಟಿಸಿತು. ಮೇಲೆ ಹೇಳಿದ ಭಾರತೀಯ ಕಂಪನಿಗೂ ಇದಕ್ಕೂ ಅಕ್ಷರಗಳ ಹೊರತು ನಂಟಿಲ್ಲ. ಹೀಗೆ ಸಿದ್ಧವಾದ ಮಾದರಿ ಒಂದು ಮರದಂತೆ: ಮಾಡ್ಯೂಲ್ ಬೇರು. ಅದರ ಕೆಳಗೆ ನಿಯಮಗಳು ಮತ್ತು ಹೆಲ್ಪರ್‌ಗಳೆಂಬ ಸಹಾಯಕ ಫಂಕ್ಷನ್‌ಗಳು. ನಿಯಮದ ಕೆಳಗೆ ಮೂಲದ ವಿನ್ಯಾಸ, ಗುರಿಯ ವಿನ್ಯಾಸ. ಗುರಿಯ ವಿನ್ಯಾಸದ ಕೆಳಗೆ, ಗುರಿಯ ಯಾವ ಗುಣಕ್ಕೆ ಬೆಲೆ ಎಲ್ಲಿಂದ ಬರಬೇಕೆಂದು ಹೇಳುವ ಬೈಂಡಿಂಗ್‌ಗಳು. ಬೆಜಿವೆನ್ ಮತ್ತು ಜೂಓ ಎಟಿಎಲ್‌ನಿಂದಲೇ ಮಾದರಿಗಳನ್ನು ತಪಾಸಣೆ ಮಾಡಿ, ಸಿಕ್ಕ ದೋಷಗಳನ್ನು ‘ಸಮಸ್ಯೆ’ಗಳ ಮಾದರಿಯಾಗಿ ಪಡೆಯುವ ವಿಧಾನ ತೋರಿಸಿದರು. ಎಟಿಎಲ್ ಪ್ರೋಗ್ರಾಂ ಕೂಡ ಮಾದರಿಯೇ ಆದ್ದರಿಂದ ಭಾಷೆ ತನ್ನನ್ನು ತಾನೇ ತಪಾಸಿಸಿಕೊಳ್ಳುವಂತಾಯಿತು. ಪರಿವರ್ತನೆಯನ್ನೇ ಓದುವ ಅಥವಾ ಬರೆಯುವ ಪರಿವರ್ತನೆಗಳಿಗೆ ಉನ್ನತ ಕ್ರಮದ ಪರಿವರ್ತನೆಗಳೆಂದು ಹೆಸರಾಯಿತು. ಮಾಸ್ಸಿಮೊ ತಿಸಿ ಮತ್ತು ಸಂಗಡಿಗರು 2009ರಲ್ಲಿ ಅವುಗಳನ್ನು ಸಮೀಕ್ಷಿಸಿ ಸೃಷ್ಟಿ, ವಿಶ್ಲೇಷಣೆ, ಜೋಡಣೆ ಮತ್ತು ಬಿಡಿಸುವಿಕೆ, ಮಾರ್ಪಾಡು ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದರು.

ಇಷ್ಟಾದ ಮೇಲೂ ಓದುವ ಕೆಲಸ ಅರ್ಧಕ್ಕೇ ನಿಂತಿತ್ತು. ಎಷ್ಟು ನಿಯಮಗಳಿವೆ, ಪ್ರತಿಯೊಂದೂ ಯಾವ ಮೂಲ ಟೈಪನ್ನು ಹಿಡಿಯುತ್ತದೆ, ಯಾವ ಹೆಲ್ಪರನ್ನು ಯಾರೂ ಕರೆಯುವುದಿಲ್ಲ ಎಂಬುದನ್ನು ಮರ ಸುತ್ತಿ ಎಣಿಸಿದರೆ ತಿಳಿಯುತ್ತದೆ. ಐಂಡ್‌ಹೋವನ್ನಿನ ಮಾರ್ಸೆಲ್ ಫಾನ್ ಆಮ್‌ಸ್ಟೆಲ್ ಮತ್ತು ಮಾರ್ಕ್ ಫಾನ್ ಡೆನ್ ಬ್ರ್ಯಾಂಡ್ ಇಂಥ ಎಣಿಕೆಗಳನ್ನೂ ಅವಲಂಬನೆಯ ಚಿತ್ರಗಳನ್ನೂ ಬಳಸಿ, ಪರಿವರ್ತನೆಗಳ ನಿರ್ವಹಣೆ ಮುಂದೆ ತಲೆನೋವಾಗದಂತೆ ನೋಡಿಕೊಳ್ಳುವ ಬಗೆಯನ್ನು 2011ರಲ್ಲಿ ಚರ್ಚಿಸಿದರು. ಆದರೆ ಕೋಡಿನಲ್ಲಿ ‘c.attr’ ಎಂದಿದ್ದರೆ ಮರದಲ್ಲಿ ಸಿಗುವುದು ‘attr’ ಎಂಬ ಬರೀ ಅಕ್ಷರಗಳು. ಅದು ಯಾವ ಕ್ಲಾಸಿನ ಗುಣ, ಅದರ ಬೆಲೆ ಒಂದೋ ಹಲವೋ, ಖಾಲಿ ಇರಬಹುದೋ ಎಂಬುದು ಮೆಟಾಮಾಡೆಲ್‌ನಲ್ಲಿದೆ, ಮರದಲ್ಲಿಲ್ಲ. ಎಟಿಎಲ್‌ನಲ್ಲಿ ಟೈಪ್‌ಗಳ ಪರೀಕ್ಷೆ ಓಡುವ ಹೊತ್ತಿಗೆ ನಡೆಯುತ್ತದೆ. ಯಾವ ಮೆಟಾಮಾಡೆಲ್ ಎಂಬುದನ್ನೂ ಓಡಿಸುವವರೇ ಆಗ ಕೊಡುತ್ತಾರೆ. ಕಡತದ ಮೊದಲ ಸಾಲುಗಳಲ್ಲಿ ಮೆಟಾಮಾಡೆಲ್‌ನ ವಿಳಾಸ ಬರೆಯುವ ರೂಢಿಯಿದ್ದರೂ ಅದು ಟಿಪ್ಪಣಿಯ ರೂಪದಲ್ಲಿ, ಎಡಿಟರಿನ ಅನುಕೂಲಕ್ಕೆ. ವಿಶ್ಲೇಷಕನಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದ ಮಾಹಿತಿ ಟಿಪ್ಪಣಿಯೊಳಗೆ ಕುಳಿತಿದ್ದದ್ದು ವಿಚಿತ್ರವೇ ಸರಿ.

ಬೈಂಡಿಂಗ್‌ನ ವಿಚಾರ ಇನ್ನೂ ಸೂಕ್ಷ್ಮ. ‘ಟೇಬಲಿನ ಕಾಲಂಗಳು ಕ್ಲಾಸಿನ ಗುಣಗಳಿಂದ ಬರಲಿ’ ಎಂದು ಬರೆದಾಗ ಗುಣಗಳು ಮೂಲ ಮಾದರಿಯವು, ಕಾಲಂಗಳು ಗುರಿ ಮಾದರಿಯವು. ಆಯಾ ಗುಣದಿಂದ ಯಾವ ನಿಯಮ ಯಾವ ಕಾಲಂ ಹುಟ್ಟಿಸಿದೆ ಎಂದು ಪರಿವರ್ತನೆಯನ್ನು ಓಡಿಸುವ ಎಂಜಿನ್ ತನ್ನ ಕುರುಹಿನ ಪಟ್ಟಿಯಲ್ಲಿ ಹುಡುಕಿ, ಒಂದರ ಜಾಗದಲ್ಲಿ ಇನ್ನೊಂದನ್ನು ಇಡುತ್ತದೆ. ಬರೆದವರು ನಿಯಮದ ಹೆಸರನ್ನೇ ಹೇಳಿರುವುದಿಲ್ಲ. ಸಿ ಅಥವಾ ಜಾವಾ ಕೋಡಿನಲ್ಲಿ ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆಂದು ಬಹುಮಟ್ಟಿಗೆ ಪಠ್ಯದಲ್ಲೇ ಕಾಣುತ್ತದೆ. ಇಲ್ಲಿ ಅದನ್ನು ಟೈಪ್‌ಗಳಿಂದ ಊಹಿಸಬೇಕು. ಸರಳ ಟೈಪಿನ ಗುಣಕ್ಕೆ ಒಂದು ನಿಯಮ ಬರೆದು, ಇನ್ನೊಂದು ಕ್ಲಾಸನ್ನೇ ಟೈಪಾಗಿ ಉಳ್ಳ ಗುಣಕ್ಕೆ ನಿಯಮ ಬರೆಯಲು ಮರೆತಿದ್ದಾರೆ ಎಂದಿಟ್ಟುಕೊಳ್ಳಬಹುದು. ಆಗ ಕುರುಹು ಸಿಗದ ಎಂಜಿನ್ ಮೂಲದ ಅಂಶವನ್ನೇ ಕಾಲಂ ಇರಬೇಕಾದ ಜಾಗಕ್ಕೆ ತಳ್ಳಲು ಹೋಗುತ್ತದೆ. ಪರೀಕ್ಷೆಗೆ ಕೊಟ್ಟ ಮಾದರಿಯಲ್ಲಿ ಅಂಥ ಗುಣ ಒಂದೂ ಇಲ್ಲದಿದ್ದರೆ ಎಲ್ಲವೂ ಸರಿಯಾಗಿದೆಯೆಂದೇ ತೋರುತ್ತದೆ. ಇದರ ತದ್ವಿರುದ್ಧ ದೋಷವೂ ಉಂಟು: ಒಂದೇ ಅಂಶವನ್ನು ಎರಡು ನಿಯಮಗಳು ಹಿಡಿದರೆ ಎಟಿಎಲ್ ಒಪ್ಪುವುದಿಲ್ಲ, ಓಟ ಅಲ್ಲಿಗೇ ಮುರಿಯುತ್ತದೆ.

ಈ ಕೊರತೆಗೆ ನೇರವಾಗಿ ಕೈಹಾಕಿದವರು ಸ್ಪೇನಿನ ಹೆಸೂಸ್ ಸಾಂಚೆಸ್ ಕ್ವಾದ್ರಾದೊ, ಎಸ್ತೆರ್ ಗೆರ್ರಾ ಮತ್ತು ಹುವಾನ್ ದೆ ಲಾರಾ. 2014ರಿಂದ ಅವರು ಪ್ರಕಟಿಸುತ್ತ ಬಂದ ವಿಧಾನ ‘ಅನಾಟ್ಲೈಸರ್’ ಎಂಬ ಸಾಧನವಾಯಿತು; 2017ರ ವಿಸ್ತೃತ ಪ್ರಬಂಧದಲ್ಲಿ ಅದರ ಪೂರ್ಣ ವಿವರಣೆಯಿದೆ. ಸಾಧನ ಮೊದಲು ಮೆಟಾಮಾಡೆಲ್‌ಗಳನ್ನು ಜೊತೆಗಿಟ್ಟುಕೊಂಡು ಮರದ ಪ್ರತಿ ಗಂಟಿಗೂ ಟೈಪ್ ಹಚ್ಚುತ್ತದೆ. ಆಮೇಲೆ ಪ್ರತಿ ಬೈಂಡಿಂಗ್‌ನಿಂದ ಅದನ್ನು ತೀರಿಸಬಲ್ಲ ನಿಯಮಗಳಿಗೆ ಗೆರೆ ಎಳೆದು ಅವಲಂಬನೆಯ ಗ್ರಾಫ್ ಕಟ್ಟುತ್ತದೆ. ಕೆಲವು ದೋಷಗಳು ಈ ಹಂತದಲ್ಲೇ ಖಚಿತ. ಇಲ್ಲದ ಗುಣವನ್ನು ಕೇಳಿದ್ದರೆ ಅದಕ್ಕೆ ಬೇರೆ ಸಾಕ್ಷಿ ಬೇಡ. ಉಳಿದವು ಬರೀ ಅನುಮಾನ: ಎರಡು ನಿಯಮಗಳು ಒಂದೇ ಟೈಪನ್ನು ಹಿಡಿಯುತ್ತವೆ, ಆದರೆ ಅವುಗಳ ಕಾವಲು ಷರತ್ತುಗಳು ಒಟ್ಟಿಗೆ ನಿಜವಾಗಬಲ್ಲವೇ? ಇಲ್ಲಿ ಸಾಧನ ಆ ದೋಷದ ತನಕ ಕೊಂಡೊಯ್ಯುವ ಷರತ್ತನ್ನೆಲ್ಲ, ಮಾದರಿಗಳ ಮೇಲಿನ ನಿಬಂಧನೆ ಬರೆಯುವ ಒಸಿಎಲ್ ಭಾಷೆಯ ಸೂತ್ರವಾಗಿ ಕಟ್ಟಿ, ಬ್ರೇಮನ್ನಿನ ಮಾರ್ಟಿನ್ ಗೊಗೊಲ್ಲಾ ಅವರ ತಂಡದ ‘ಯೂಸ್’ ಶೋಧಕಕ್ಕೆ ಒಪ್ಪಿಸುತ್ತದೆ. ಷರತ್ತು ಪೂರೈಸುವ ಪುಟ್ಟ ಮಾದರಿಯೊಂದು ಸಿಕ್ಕರೆ ದೋಷ ನಿಜ. ಆ ಮಾದರಿಯೇ ಸಾಕ್ಷಿ. ಸಿಗದಿದ್ದರೆ ನಿಗದಿಪಡಿಸಿದ ಗಾತ್ರದೊಳಗೆ ಇಲ್ಲವೆಂದಷ್ಟೇ ಅರ್ಥ. ಪರಿವರ್ತನೆ ಒಮ್ಮೆಯೂ ಓಡಿರುವುದಿಲ್ಲ, ಆದರೂ ಅದನ್ನು ಕೆಡವುವ ಇನ್‌ಪುಟ್ ಕೈಯಲ್ಲಿರುತ್ತದೆ. ಹಲವರು ಬರೆದು ಹಂಚಿಕೊಂಡ ಪರಿವರ್ತನೆಗಳ ಸಂಗ್ರಹವಾದ ‘ಎಟಿಎಲ್ ಜೂ’ವಿನ ಮೇಲೆ ಇದನ್ನು ಹರಿಸಿದಾಗ, ವರ್ಷಗಟ್ಟಲೆ ಉದಾಹರಣೆಯ ಕೋಡೆಂದು ಬಳಕೆಯಲ್ಲಿದ್ದವುಗಳಲ್ಲೂ ದೋಷಗಳು ಹೊರಬಿದ್ದವು. ದೋಷಕ್ಕೆ ತಕ್ಕ ತಿದ್ದುಪಡಿಯನ್ನೂ ಸಾಧನವೇ ಸೂಚಿಸುವ ವಿಧಾನವನ್ನು ಅದೇ ತಂಡ 2015ರಲ್ಲಿ ಸೇರಿಸಿತು.

ಪೂರ್ಣ ಪರಿಶೀಲನೆಯ ಹಂಬಲ ಇದರ ಪಕ್ಕದಲ್ಲೇ ನಡೆದು ಬಂದಿತ್ತು. ಪರಿವರ್ತನೆಯನ್ನು ಕ್ರಿಯೆಯಾಗಿ ಕಾಣದೆ, ಮೂಲ ಮತ್ತು ಗುರಿಗಳ ನಡುವಿನ ಸಂಬಂಧವನ್ನು ಹೇಳುವ ಮಾದರಿಯಾಗಿ ಕಾಣಬೇಕೆಂಬ ವಾದವನ್ನು ಬೆಜಿವೆನ್, ಗೊಗೊಲ್ಲಾ ಮತ್ತಿತರರು 2006ರಲ್ಲಿ ಮಂಡಿಸಿದ್ದರು. ಜೋರ್ಡಿ ಕಬೊಟ್ ಮತ್ತು ಸಂಗಡಿಗರು 2010ರಲ್ಲಿ ಘೋಷಣಾತ್ಮಕ ನಿಯಮಗಳಿಂದ ಒಸಿಎಲ್ ನಿಬಂಧನೆಗಳನ್ನು ತೆಗೆದರು. ಫಾಬಿಯಾನ್ ಬ್ಯೂಟ್ನರ್ ಮತ್ತು ಸಂಗಡಿಗರು 2012ರಲ್ಲಿ ಎಟಿಎಲ್ ನಿಯಮಗಳನ್ನು ತರ್ಕಸೂತ್ರಗಳಾಗಿಸಿ, ಅಂಥ ಸೂತ್ರಗಳನ್ನು ತಾವೇ ಬಿಡಿಸುವ ಎಸ್‌ಎಂಟಿ ಪರಿಹಾರಕಗಳ ಮುಂದಿಟ್ಟರು. ಬಲವಾದ ಫಲಿತಾಂಶಗಳು ಬಂದದ್ದು ನಿಜ, ಆದರೆ ಭಾಷೆಯ ಒಂದು ಪಾಲಿಗೆ ಮಾತ್ರ.

ದೋಷ ಹುಡುಕುವುದಷ್ಟೇ ಈ ಓದಿನ ಪ್ರಯೋಜನವಲ್ಲ. ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಒಲೆ ಹಚ್ಚುವ ಮೊದಲೇ ಸಾಮಾನಿನ ಚೀಟಿ ಬರೆದುಕೊಡುತ್ತಾರೆ. ಪರಿವರ್ತನೆಗೂ ಅಂಥ ಚೀಟಿ ಬರೆಯಬಹುದು. ಅದು ಮೂಲ ಮಾದರಿಯ ಯಾವ ಯಾವ ಭಾಗವನ್ನು ಮುಟ್ಟೀತು ಎಂಬ ‘ಹೆಜ್ಜೆಗುರುತ’ನ್ನು ಕೋಡಿನಿಂದಲೇ ಅಂದಾಜು ಮಾಡುವ ವಿಧಾನವನ್ನು ಸೆಡ್ರಿಕ್ ಜಾನ್‌ರೆ, ಮಾರ್ಟಿನ್ ಗ್ಲಿನ್ಜ್ ಮತ್ತು ಬೆನ್ವಾ ಬೋದ್ರಿ 2011ರಲ್ಲಿ ಕೊಟ್ಟರು. ಭಟ್ಟರ ಚೀಟಿಯಂತೆಯೇ ಇಲ್ಲೂ ಕೆಲವು ಸಾಮಾನು ಮಿಕ್ಕೀತು. ಬೇಕಾದ್ದೇ ಬಿಟ್ಟುಹೋದರೆ ಮಾತ್ರ ಫಜೀತಿ, ಹಾಗಾಗಿ ಅಂದಾಜು ಯಾವಾಗಲೂ ಹೆಚ್ಚಿನ ಕಡೆಗೇ ವಾಲಿರುತ್ತದೆ. ದೊಡ್ಡ ಮಾದರಿಯಲ್ಲಿ ಬೇಕಾದ ಭಾಗವನ್ನಷ್ಟೇ ಮೆಮೊರಿಗೆ ತಂದುಕೊಳ್ಳಲು ಈ ಅಂದಾಜು ನೆರವಾಗುತ್ತದೆ. ಲೋಲಾ ಬುರ್ಗೆನ್ಯೊ ಮತ್ತು ಸಂಗಡಿಗರು 2015ರಲ್ಲಿ ಇದೇ ಎಳೆಯನ್ನು ಬೇರೆ ಕಡೆಗೆ ತಿರುಗಿಸಿದರು. ಪಾಲನೆಯಾಗದ ನಿಬಂಧನೆಯೊಂದು ಮುಟ್ಟುವ ಟೈಪ್‌ಗಳನ್ನೂ ಪ್ರತಿ ನಿಯಮ ಮುಟ್ಟುವ ಟೈಪ್‌ಗಳನ್ನೂ ಕೋಷ್ಟಕದಲ್ಲಿ ಎದುರುಬದುರಾಗಿಟ್ಟು, ಹೆಚ್ಚು ಹೊಂದುವ ನಿಯಮದ ಮೇಲೆ ಮೊದಲ ಗುಮಾನಿ ಇಡುವುದು ಅವರ ವಿಧಾನ.

ಎಲ್ಲ ಭಾಷೆಗಳ ಸ್ಥಿತಿಯೂ ಎಟಿಎಲ್‌ನದ್ದಲ್ಲ. ಕ್ಯೂವಿಟಿ ಆಪರೇಷನಲ್‌ನಲ್ಲಿ ಟೈಪ್‌ಗಳು ಕಂಪೈಲ್ ಹೊತ್ತಿಗೇ ನಿಶ್ಚಯವಾಗುತ್ತವೆ. ಎಕ್ಲಿಪ್ಸ್ ಯೋಜನೆಯಲ್ಲಿರುವ ಅದರ ಅನುಷ್ಠಾನದಲ್ಲಿ ಪರಿವರ್ತನೆಯನ್ನು ನಡೆಸದೆ ಬರೀ ಲೋಡ್ ಮಾಡಿ ದೋಷವರದಿ ಪಡೆಯಲು ಸೌಲಭ್ಯವಿದೆ. ಕಂಪೈಲರ್ ಕಟ್ಟುವ ಮರವೂ ಎಕ್ಲಿಪ್ಸ್‌ನ ಮಾದರಿ ಚೌಕಟ್ಟಾದ ಇಎಂಎಫ್‌ನ ‘ಇಕೋರ್’ ಪದ್ಧತಿಯ ಮಾದರಿಯಾಗಿರುವುದರಿಂದ ಆ ಚೌಕಟ್ಟಿನ ಸಾಮಾನ್ಯ ಸಾಧನಗಳಿಂದಲೇ ಅದನ್ನು ಸುತ್ತಬಹುದು. ಯಾರ್ಕ್ ವಿಶ್ವವಿದ್ಯಾಲಯದ ಎಪ್ಸಿಲಾನ್ ಕುಟುಂಬದ ಇಟಿಎಲ್ ಭಾಷೆ ಟೈಪ್‌ಗಳ ವಿಷಯದಲ್ಲಿ ಎಟಿಎಲ್‌ನಂತೆ ಸಡಿಲ. ಪರಿವರ್ತನೆಯನ್ನು ನೇರ ಜಾವಾದಲ್ಲೇ ಬರೆದರೆ ವಿಶ್ಲೇಷಣೆಯ ಸಾಧನಗಳೇನೋ ಹೇರಳ. ಆದರೆ ನಿಯಮ, ಬೈಂಡಿಂಗ್, ಕುರುಹು ಎಂಬ ವಿಂಗಡಣೆಯೇ ಅಲ್ಲಿ ಕರಗಿಹೋಗಿರುತ್ತದೆ.

ಯಾವ ಭಾಷೆಯಲ್ಲೂ ಓದು ಮುಟ್ಟದ ಮೂಲೆಗಳು ಉಳಿದಿವೆ. ಹೊರಗಿನ ಕೋಡಿಗೆ ಕೆಲಸ ವಹಿಸಲು ಕ್ಯೂವಿಟಿ ಅವಕಾಶ ಕೊಡುವ ‘ಕಪ್ಪುಪೆಟ್ಟಿಗೆ’ಗಳ ವಿಷಯದಲ್ಲಿ ಹೆಸರು ಮತ್ತು ಟೈಪ್ ಕಾಣುತ್ತದೆ, ಒಳಗು ಕಾಣುವುದಿಲ್ಲ. ಎಟಿಎಲ್‌ನಲ್ಲಿ ಗುಣದ ಹೆಸರನ್ನು ಅಕ್ಷರಮಾಲೆಯಾಗಿ ಕೊಟ್ಟು ಬೆಲೆ ಓದುವ, ಬರೆಯುವ ಕ್ರಿಯೆಗಳಿವೆ. ಹೆಸರು ಓಡುವ ಹೊತ್ತಿಗೆ ರೂಪುಗೊಳ್ಳುವುದಾದರೆ ಮರದಲ್ಲಿ ಹುಡುಕಿ ಫಲವಿಲ್ಲ. ಇಂಥ ಕಡೆ ವಿಶ್ಲೇಷಕಕ್ಕೆ ಉಳಿಯುವುದು ಎರಡೇ ದಾರಿ: ಆ ಗಂಟಿಗೆ ‘ಏನು ಬೇಕಾದರೂ ಆಗಬಹುದು’ ಎಂಬ ಟೈಪ್ ಹಚ್ಚಿ ಮುಂದೆ ಸಾಗುವುದು, ಇಲ್ಲವೇ ಎಚ್ಚರಿಕೆ ಕೊಟ್ಟು ನಿಲ್ಲುವುದು. ಮೊದಲನೆಯದರಲ್ಲಿ ನಿಜದೋಷ ತಪ್ಪಿಸಿಕೊಳ್ಳುತ್ತದೆ. ಎರಡನೆಯದರಲ್ಲಿ ಎಚ್ಚರಿಕೆಗಳು ಹೆಚ್ಚಿ, ಕೊನೆಗೆ ಅವನ್ನು ಯಾರೂ ಓದದಂತಾಗುತ್ತದೆ.