ಹೃದ್ರೋಗದ ಮುನ್ಸೂಚನೆಗೆ ರಕ್ತಪರೀಕ್ಷೆ: ಇತಿಹಾಸ

ಎದೆನೋವಿನ ಸುಳಿವೂ ಇಲ್ಲದವರ ರಕ್ತದಲ್ಲಿ ಕೆಲವು ಅಂಶಗಳನ್ನು ಅಳೆದು, ಮುಂದಿನ ಹತ್ತು ಇಲ್ಲವೆ ಮೂವತ್ತು ವರ್ಷಗಳಲ್ಲಿ ಅವರಿಗೆ ಹೃದಯಾಘಾತವಾಗುವ ಸಂಭವ ಎಷ್ಟೆಂದು ಲೆಕ್ಕ ಹಾಕುವ ವಿಧಾನ. ಇದರ ಮೊದಲ ಅಧ್ಯಾಯ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ 5,209 ಜನರನ್ನು ವೈದ್ಯರು ವರ್ಷಗಟ್ಟಲೆ ಗಮನಿಸತೊಡಗಿದರು; ಕೊಲೆಸ್ಟ್ರಾಲ್ ಮತ್ತು ರಕ್ತದೊತ್ತಡದ ಅಪಾಯ 1961ರ ಹೊತ್ತಿಗೆ ಸ್ಪಷ್ಟವಾಯಿತು. 1963ರಲ್ಲಿ ನಾರ್ವೆಯ ಕೋರೆ ಬರ್ಗ್ ಲಿಪೊಪ್ರೋಟೀನ್-ಎ ಎಂಬ, ಕೊಲೆಸ್ಟ್ರಾಲ್ ಹೊರುವ ಕಣವನ್ನು ಗುರುತಿಸಿದರು. 1997ರಲ್ಲಿ ಪಾಲ್ ರಿಡ್ಕರ್ ತಂಡ, ಉರಿಯೂತ ಸೂಚಿಸುವ ಸಿ-ರಿಯಾಕ್ಟಿವ್ ಪ್ರೋಟೀನ್ ಕೂಡ ಮುನ್ಸೂಚನೆ ಕೊಡುತ್ತದೆಂದು ತೋರಿಸಿತು. ಹೀಗೆ ಹೊಸ ಪರೀಕ್ಷೆಗಳ ಸಾಲಾಗಿ ಹೇಳಿದರೆ ಈ ಇತಿಹಾಸದ ಮುಖ್ಯ ಸಂಗತಿಯೇ ಕೈತಪ್ಪುತ್ತದೆ. ಮುನ್ಸೂಚನೆ ಹುಟ್ಟುವುದು ಪ್ರಯೋಗಾಲಯದಲ್ಲಲ್ಲ. ಯಾರ ರಕ್ತ ತೆಗೆದರು, ಆಮೇಲೆ ಅವರನ್ನು ಎಷ್ಟು ವರ್ಷ ಬಿಡದೆ ವಿಚಾರಿಸಿಕೊಂಡರು ಎಂಬುದರಲ್ಲಿ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲೂಕುಗಳ ಮಟ್ಟಿಗೆ ಈ ಪ್ರಶ್ನೆಯೇ ನಿರ್ಣಾಯಕ.

ಕರ್ನಾಟಕದ ದಾಖಲೆಯಲ್ಲಿ ಗೊಂದಲ ಕಾಣಿಸಿಕೊಳ್ಳುವುದು 1996ರಲ್ಲಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೇಮ್ ಪೈಸ್ ಮತ್ತು ಸಂಗಡಿಗರು ಹೃದಯಾಘಾತವಾದ 200 ಮಂದಿಯನ್ನು ಆಗದ 200 ಮಂದಿಯೊಂದಿಗೆ ಹೋಲಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಬೀಡಿ-ಸಿಗರೇಟು, ಬಿ.ಪಿ., ಸಕ್ಕರೆ ಕಾಯಿಲೆ, ಸೊಂಟದ ಬೊಜ್ಜು ಎದ್ದುಕಂಡವು. ರಕ್ತದ ಕೊಬ್ಬಿನಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಜೋಳದ ರೊಟ್ಟಿ, ತೊಗರಿಬೇಳೆ ಉಣ್ಣುವ ಸೀಮೆಗೆ ಕೊಲೆಸ್ಟ್ರಾಲಿನ ಚಿಂತೆ ಬೇಡ ಎಂದು ವಾದಿಸುವವರಿಗೆ ಇದು ಆಧಾರವಾಗಿ ಕಾಣಬಹುದು. ಆ ಆಧಾರ ನಿಲ್ಲುವುದಿಲ್ಲ. ಹೃದಯಾಘಾತವಾದ ಒಂದೆರಡು ದಿನಗಳಲ್ಲೇ ಕೊಲೆಸ್ಟ್ರಾಲ್ ಇಳಿಯುವುದುಂಟು. ಮೇಲಾಗಿ ಒಟ್ಟು ಕೊಲೆಸ್ಟ್ರಾಲ್ ಸಾಧಾರಣವಾಗಿದ್ದೂ ಅದನ್ನು ಹೊರುವ ಕಣಗಳ ಸಂಖ್ಯೆ ಹೆಚ್ಚಿರಬಹುದು. 2004ರಲ್ಲಿ ಹೊರಬಂದ, 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ಆ ಕಣಗಳನ್ನೇ ಅಳೆಯಿತು. ಕಣಗಳ ಮೇಲಿನ ಅಪೊಬಿ ಮತ್ತು ಅಪೊಎ-1 ಪ್ರೋಟೀನುಗಳ ಅನುಪಾತ, ಧೂಮಪಾನದ ಜೊತೆಗೆ, ಅತಿ ಪ್ರಬಲ ಸೂಚಕವೆಂದು ಕಂಡಿತು. ಅದರ ದಕ್ಷಿಣ ಏಷ್ಯಾ ಭಾಗ 2007ರಲ್ಲಿ ಪ್ರಕಟವಾದಾಗ ಇನ್ನೊಂದು ಕಹಿ ಸತ್ಯ ಹೊರಬಿತ್ತು: ಮೊದಲ ಹೃದಯಾಘಾತದ ಸರಾಸರಿ ವಯಸ್ಸು ನಮ್ಮಲ್ಲಿ 53, ಉಳಿದ ದೇಶಗಳಲ್ಲಿ 58.8. ಆದರೂ ಎರಡೂ ಅಧ್ಯಯನಗಳು ರೋಗ ಬಂದ ಮೇಲೆ ಹಿಂದಿರುಗಿ ನೋಡಿದಂಥವು. ಕಾರಣದ ಸುಳಿವು ಕೊಟ್ಟವೇ ಹೊರತು, ಆರೋಗ್ಯವಂತ ರೈತನಿಗೆ ಇಪ್ಪತ್ತು ವರ್ಷದ ನಂತರ ಏನಾದೀತೆಂದು ಹೇಳುವ ಶಕ್ತಿ ಅವಕ್ಕಿರಲಿಲ್ಲ.

ಅಂಥ ಶಕ್ತಿಯ ಉದಾಹರಣೆ 2024ರಲ್ಲಿ ಸಿಕ್ಕಿತು. ಅಮೆರಿಕದ 27,939 ಮಹಿಳೆಯರ ರಕ್ತವನ್ನು ಒಮ್ಮೆ ಪಡೆದು 30 ವರ್ಷ ಗಮನಿಸಿದ ರಿಡ್ಕರ್ ತಂಡ, ಎಲ್‌ಡಿಎಲ್ ಕೊಲೆಸ್ಟ್ರಾಲ್, ಸಿ-ರಿಯಾಕ್ಟಿವ್ ಪ್ರೋಟೀನ್, ಲಿಪೊಪ್ರೋಟೀನ್-ಎ ಮೂರೂ ಪ್ರತ್ಯೇಕವಾಗಿ ಅಪಾಯ ಸೂಚಿಸುತ್ತವೆಂದು ವರದಿ ಮಾಡಿತು. ಇದನ್ನು ನೇರವಾಗಿ ಕಲಬುರಗಿಯ ಭೀಮಾ ತೀರಕ್ಕೆ ತರಬಹುದೇ? ಆ ಮಹಿಳೆಯರು ಆರೋಗ್ಯ ಕ್ಷೇತ್ರದ ವೃತ್ತಿನಿರತರು, ಬಹುಪಾಲು ಬಿಳಿಯರು. ಆದರೂ ಲಿಪೊಪ್ರೋಟೀನ್-ಎ ಬಹುತೇಕ ವಂಶವಾಹಿಯಿಂದಲೇ ನಿಗದಿಯಾಗುವುದರಿಂದ ಊಟ, ಋತು, ಊರು ಅದನ್ನು ಹೆಚ್ಚು ಬದಲಿಸುವುದಿಲ್ಲ. ಜೀವನದಲ್ಲಿ ಒಮ್ಮೆಯಾದರೂ ಅಳೆಯಬೇಕೆಂದು ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೇಳಿದ್ದಕ್ಕೆ ಅರ್ಥವಿದೆ. ಸಿ-ರಿಯಾಕ್ಟಿವ್ ಪ್ರೋಟೀನಿನ ಮಾತು ಬೇರೆ. ಜ್ವರ, ವಸಡಿನ ಸೋಂಕು, ಮಾಯದ ಹುಣ್ಣು, ಎಲ್ಲದಕ್ಕೂ ಅದು ಏರುತ್ತದೆ. ಮಳೆಗಾಲದ ಜ್ವರದ ದಿನಗಳಲ್ಲಿ ಜೇವರ್ಗಿಯಲ್ಲಿ ಒಮ್ಮೆ ತೆಗೆದ ಅಂಕಿಯನ್ನು ಹೃದಯದ ಭವಿಷ್ಯವೆಂದು ಓದುವುದು ತಪ್ಪಾದೀತು. ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ ಸೋಂಕು ಕಳೆದ ಮೇಲೆ ಮತ್ತೊಮ್ಮೆ ಅಳೆಯುವುದೇ ಕ್ರಮ.

ಅಪಾಯ ತಿಳಿದು ಪ್ರಯೋಜನವೇನು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಭಾರತವನ್ನೂ ಒಳಗೊಂಡ 17 ದೇಶಗಳ ಪ್ಯೂರ್ ಅಧ್ಯಯನ 2014ರಲ್ಲಿ ತೋರಿಸಿದಂತೆ, ಅಪಾಯಾಂಶಗಳ ಹೊರೆ ಶ್ರೀಮಂತ ದೇಶಗಳಲ್ಲೇ ಹೆಚ್ಚು, ಹೃದಯ ಮತ್ತು ರಕ್ತನಾಳದ ತೀವ್ರ ಕಾಯಿಲೆಗೂ ಸಾವಿಗೂ ತುತ್ತಾಗುವವರು ಬಡ ದೇಶಗಳಲ್ಲಿ ಹೆಚ್ಚು. ಚಿಕಿತ್ಸೆಯ ಕೊರತೆಯೇ ಇದಕ್ಕೆ ದೊಡ್ಡ ಕಾರಣವಿರಬೇಕು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಕಟ್ಟಡ 2024ರ ಡಿಸೆಂಬರಿನಲ್ಲಿ ಆರಂಭವಾದದ್ದು ಆ ಕೊರತೆಯನ್ನು ತಗ್ಗಿಸಿದ ಘಟನೆ. ಆದರೆ ಆಸ್ಪತ್ರೆ ರೋಗ ಬಂದವರನ್ನು ಕಾಣುತ್ತದೆ, ಮುನ್ಸೂಚನೆ ಬೇಕಾದದ್ದು ಬಾರದವರಿಗೆ. 40ರ ಒಳಗಿನ ಹೃದ್ರೋಗಿಗಳ ಬಗ್ಗೆ ಜಯದೇವ 2017ರಲ್ಲಿ ಆರಂಭಿಸಿದ ದಾಖಲಾತಿಗೂ ಇದೇ ಮಿತಿಯಿದೆ. ಈ ಅಂತರದಲ್ಲಿ ಕೈಗೆಟಕುವ ಸಾಧನ ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಪಾಯ ಪಟ್ಟಿಗಳು. 85 ದೀರ್ಘಾವಧಿ ಅಧ್ಯಯನಗಳಿಂದ ಸೂತ್ರ ಕಟ್ಟಿ, 21 ಪ್ರದೇಶಗಳ ರೋಗಪ್ರಮಾಣಕ್ಕೆ ಹೊಂದಿಸಿದ ಇವುಗಳಲ್ಲಿ ದಕ್ಷಿಣ ಏಷ್ಯಾಕ್ಕೆ ಬೇರೆ ಪಟ್ಟಿಯೇ ಇದೆ. ರಕ್ತಪರೀಕ್ಷೆಯಿಲ್ಲದೆ ವಯಸ್ಸು, ಬಿ.ಪಿ., ಧೂಮಪಾನ, ತೂಕ-ಎತ್ತರ ನೋಡಿ ಅಂದಾಜಿಸುವ ರೂಪವೂ ಇದೆ. ಹಾಗಾದರೆ ರಕ್ತವೇ ಬೇಡವೆ? ಬೇಕು. ರಕ್ತರಹಿತ ಪಟ್ಟಿ ಸಕ್ಕರೆ ಕಾಯಿಲೆಯವರ ಅಪಾಯವನ್ನು ಕಡಿಮೆ ತೋರಿಸುತ್ತದೆ. ಆದ್ದರಿಂದ ಆಳಂದ, ಅಫಜಲಪುರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದುಬಾರಿ ಹೊಸ ಸೂಚಕಗಳಿಗಿಂತ ಮೊದಲು ನಿಲ್ಲಬೇಕಾದದ್ದು ಸಕ್ಕರೆಯ ಪರೀಕ್ಷೆ, ಅದರ ನಂತರ ಕೊಲೆಸ್ಟ್ರಾಲ್, ಮತ್ತು ಆ ಅಂಕಿಗಳನ್ನು ಅದೇ ವ್ಯಕ್ತಿಯ ಹೆಸರಿನಲ್ಲಿ ವರ್ಷವರ್ಷವೂ ಉಳಿಸಿಕೊಳ್ಳುವ ದಾಖಲೆ.