ಕಂಬಳಿಯ ಕೊಪ್ಪೆ

ಮಲೆನಾಡಿನಲ್ಲಿ ಆರಿದ್ರೆ ಮಳೆ ಹಿಡಿಯಿತೆಂದರೆ ಬೇಗ ಬಿಡುವ ಮಾತಿಲ್ಲ. ನಟ್ಟಿಯ ಗದ್ದೆಯಲ್ಲಿ ಬಗ್ಗಿ ನಿಂತ ಆಳಿಗೆ ಕೊಡೆ ಹಿಡಿಯಲು ಮೂರನೆಯ ಕೈಯಿಲ್ಲ. ಅವನಿಗೆ ಒದಗಿದುದು ಕಂಬಳಿಯ ಕೊಪ್ಪೆ. ಕಂಬಳಿಯ ಒಂದು ತುದಿಯನ್ನು ಮಡಿಸಿ ತಲೆಗೆ ಶಿಖರದಂತೆ ಏರಿಸಿ, ಉಳಿದುದನ್ನು ಬೆನ್ನಿಗೆ ಇಳಿಬಿಟ್ಟರೆ ಮುಗಿಯಿತು. ಹೊಲಿಗೆಯಿಲ್ಲ, ಗುಂಡಿಯಿಲ್ಲ, ಎರಡು ಕೈಗಳೂ ತೆರವು. ಒಲೆಯ ಬಳಿ ಒಣಗಿಸಿದರೆ ಅದೇ ರಾತ್ರಿಯ ಹೊದಿಕೆ.

ಸೋಜಿಗವೆಂದರೆ, ಮಳೆಗಾಲದ ಈ ಉಡುಪು ಹುಟ್ಟಿದುದು ಮಳೆಯಿಲ್ಲದ ಸೀಮೆಯಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ. ಆ ಕೆಸರು ಥಂಡಿಗಳಲ್ಲಿ ಕುರಿ ಏಳಿಗೆಯಾಗದು. ಕಂಬಳಿಗೆ ಹೆಸರಾದ ಚಳ್ಳಕೆರೆಯಾದರೋ ನಾಡಿನ ಅತ್ಯಂತ ಒಣ ತಾಲ್ಲೂಕುಗಳಲ್ಲೊಂದು. ಅಲ್ಲಿಯ ಕುರುಬರು ಸಾಕಿದ ಕರಿಯ ದಖನಿ ಕುರಿ ಕುರುಚಲು ಮೇದು ಬೆಳೆಸಿದ ಉಣ್ಣೆಯೇ ಘಟ್ಟದ ಮಳೆಗೆ ಅಡ್ಡ ನಿಂತಿತು. ಬಯಲಿಗೂ ಮಲೆಗೂ ಹೀಗೊಂದು ನಂಟು ಬೆಳೆದು ಬಂದಿದೆ.

ವರ್ಷಕ್ಕೆ ಎರಡು ಸಲ ಕತ್ತರಿಸಿದ ಉಣ್ಣೆಯನ್ನು ಹಿಂಜಿ, ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ಹಾಸಿನ ನೂಲಿಗೆ ಹುಣಿಸೆಬೀಜದ ಗಂಜಿಯನ್ನು ಕುಂಚದಿಂದ ಬಳಿದು, ಬಿಸಿಲಿಗೆ ಒಣಗಿಸಿ, ಗುಂಡಿಮಗ್ಗಕ್ಕೆ ಏರಿಸುತ್ತಾರೆ. ಉಣ್ಣೆಯ ಎಳೆಯ ಮೈಮೇಲೆ ಕಣ್ಣಿಗೆ ಕಾಣದ ಹುರುಪೆಗಳಿವೆ. ನೀರು ತಾಗಿ ತಿಕ್ಕಾಟವಾದಂತೆ ಅವು ಒಂದನ್ನೊಂದು ಕಚ್ಚಿಕೊಂಡು ನೆಯ್ಗೆಯನ್ನು ಒತ್ತಾಗಿಸುತ್ತವೆ. ಉಣ್ಣೆಯ ಸಹಜವಾದ ಜಿಡ್ಡು ಹನಿಗಳನ್ನು ಜಾರಿಸುತ್ತದೆ. ಎಳೆಯಾದರೋ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ತೇವವನ್ನು ಹೀರಿಯೂ ಮೈಗೆ ಒದ್ದೆಯೆನಿಸದು.

ಕಂಬಳಿಯನ್ನು ಬಡವರ ಒರಟು ಬಟ್ಟೆಯೆಂದು ಮೂಗು ಮುರಿಯುವವರು ಹಳೆಯ ಗ್ರಂಥಗಳತ್ತ ಒಮ್ಮೆ ಕಣ್ಣು ಹಾಯಿಸಬೇಕು. 'ಕಂಬಳಿ' ಎಂಬ ನಮ್ಮ ಮಾತಿಗೆ ಮೂಲವಾದ 'ಕಂಬಲ' ಅಥರ್ವವೇದದಲ್ಲಿಯೇ ಇದೆ. ಪಾಣಿನಿ ಅದರಿಂದ ಸಾಧಿಸಿದ 'ಕಂಬಲ್ಯ' ಎಂಬ ಪದಕ್ಕೆ ನೂರು ಪಲ ತೂಕದ ಉಣ್ಣೆ ಎಂದು ಕಾಶಿಕಾವೃತ್ತಿ ಅರ್ಥ ಹೇಳುತ್ತದೆ. ಒಂದು ಕಂಬಳಿಗೆ ಇಷ್ಟು ಉಣ್ಣೆಯೆಂಬ ಲೆಕ್ಕ ಮಾತಿನಲ್ಲಿ ನೆಲೆಗೊಳ್ಳುವಷ್ಟು ಆ ಕಸುಬು ಬಲಿತಿತ್ತು. ಕೌಟಿಲ್ಯನ ಅರ್ಥಶಾಸ್ತ್ರವಂತೂ ರಾಜನ ಭಂಡಾರಕ್ಕೆ ಸೇರತಕ್ಕ ಬೆಲೆಬಾಳುವ ವಸ್ತುಗಳಲ್ಲಿ ಉಣ್ಣೆಯ ಹೊದಿಕೆಗಳನ್ನು ಎಣಿಸುತ್ತದೆ. ನೇಪಾಳದ ಒಂದು ಬಗೆಯನ್ನು ಬಣ್ಣಿಸುವಾಗ ಅದು ಎಂಟು ತುಂಡುಗಳನ್ನು ಕೂಡಿಸಿದ್ದು, ಕರಿಯದು, ಮಳೆಯನ್ನು ತಡೆಯುವಂಥದು ಎನ್ನುತ್ತದೆ. ಈ ಗ್ರಂಥದ ಓಲೆಪ್ರತಿಯನ್ನು ಮೈಸೂರಿನಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳು. ಆ ಹೊದಿಕೆಗೂ ನಮ್ಮ ಕರಿಗಂಬಳಿಗೂ ನೇರ ಸಂಬಂಧವುಂಟೆಂದು ನಾನು ವಾದಿಸುತ್ತಿಲ್ಲ. ಮಳೆ ತಡೆಯುವ ಗುಣಕ್ಕೆ ಅರಮನೆಯಲ್ಲಿಯೂ ಬೆಲೆಯಿತ್ತು ಎಂಬುದಷ್ಟೇ ನನ್ನ ಮಾತು.

ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ, ಮರುವರ್ಷ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಕುರುಬರನ್ನೂ ಅವರ ಕಂಬಳಿಯ ಕಸುಬನ್ನೂ ಕಡೆಗಣಿಸಲಿಲ್ಲ. ಅವನ ಪ್ರವಾಸದ ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು.

ಇಂದು ಗದ್ದೆಯಲ್ಲಿ ಕಾಣುವುದು ಪ್ಲಾಸ್ಟಿಕ್ಕಿನ ಕೊಪ್ಪೆ. ಅದು ಹಗುರ, ಅಗ್ಗ, ಕೊಳ್ಳುವವನನ್ನು ದೂರಲಾಗದು. ಆದರೆ ಅದರೊಳಗೆ ಮೈ ಬೆವರುತ್ತದೆ, ರಾತ್ರಿ ಹೊದೆಯಲು ಬಾರದು, ಹರಿದರೆ ಮಣ್ಣಿನಲ್ಲಿ ಕರಗದು. ಇತ್ತ ಬಯಲಿನಲ್ಲಿ ಉಣ್ಣೆಗೆ ಗಿರಾಕಿಯಿಲ್ಲದೆ, ಮಾಂಸಕ್ಕೆ ಮಾತ್ರ ಒದಗುವ ತಳಿಗಳತ್ತ ಕುರಿಗಾರರು ಹೊರಳುತ್ತಿದ್ದಾರೆ. ಕೆಲವೆಡೆ ಈ ಒರಟು ಉಣ್ಣೆಯಿಂದಲೇ ಚೀಲ, ಹಾಸುಗಳನ್ನು ಮಾಡಿ ಪಟ್ಟಣದಲ್ಲಿ ಮಾರುವ ಪ್ರಯತ್ನ ನಡೆದಿರುವುದು ಸಂತೋಷದ ಸಂಗತಿ. ಮೃದುವಾದುದೇ ಉತ್ತಮ ಉಣ್ಣೆಯೆಂಬ ಅಳತೆಗೋಲು ಚಳಿಯ ದೇಶಗಳಿಂದ ಬಂದದ್ದು. ನಮ್ಮ ಮಳೆಗೆ, ನಮ್ಮ ಮುಳ್ಳುಪೊದೆಗೆ ಬೇಕಾದುದು ಈ ಒರಟುತನವೇ.

ಕೊಪ್ಪೆಯೆಂಬ ಹೆಸರು ಪ್ಲಾಸ್ಟಿಕ್ಕಿಗೂ ಸಂದು ಬದುಕಿಕೊಂಡಿದೆ. ಹೆಸರು ಕೊಟ್ಟ ಕಂಬಳಿಯೂ, ಅದಕ್ಕೆ ಉಣ್ಣೆ ಕೊಟ್ಟ ಕುರಿಯೂ ಬದುಕಿಕೊಳ್ಳಬೇಕಾದರೆ, ಬೇಸಗೆಯ ಸಂತೆಯಲ್ಲಿ ಒಂದು ಕಂಬಳಿಯನ್ನು ಕೈಯಲ್ಲಿ ಹಿಡಿದು ನೋಡುವವರು ನಮ್ಮೊಳಗೆ ಇನ್ನೂ ಕೆಲವರಾದರೂ ಇರಬೇಕು.