ಬ್ಯಾಲಾಳು ಆಂಟೆನಾ: ಬೆಳಕಿನ ಪಯಣದ ಲೆಕ್ಕ

ಇದು ಚಂದ್ರಯಾನ-1ಕ್ಕಾಗಿ ಹೈದರಾಬಾದಿನ ಇಸಿಐಎಲ್ ನಿರ್ಮಿಸಿದ, 2008ರಲ್ಲಿ ಬಳಕೆಗೆ ಬಂದ 32 ಮೀಟರ್ ಅಗಲದ ಆಂಟೆನಾ. ನಡೆಸುವುದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರ. ಬುಡದ ದುಂಡು ಹಳಿಯನ್ನು ನೋಡಿ: ಇಡೀ ಬಟ್ಟಲು ತಿರುಗುವುದು ಅದರ ಮೇಲೆಯೇ.

ದೂರದ ನೌಕೆಯ ಸಂಕೇತ ಇಂಥ ಬಟ್ಟಲಿಗೆ ಬರಲು ಎಷ್ಟು ಹೊತ್ತು ಬೇಕೆಂದು ತಿಳಿಯಲು ಮೊದಲು ಬೆಳಕಿನ ಪಯಣವನ್ನು ಲೆಕ್ಕ ಹಾಕೋಣ. ಸೂರ್ಯನಿಂದ ಮಂಗಳಕ್ಕೆ ಸರಾಸರಿ 22.8 ಕೋಟಿ ಕಿ.ಮೀ. ಸೆಕೆಂಡಿಗೆ 3 ಲಕ್ಷ ಕಿ.ಮೀ.ನಂತೆ ಭಾಗಿಸಿದರೆ ಬಿಸಿಲು ಅಲ್ಲಿಗೆ ತಲುಪಲು 760 ಸೆಕೆಂಡು, ಅಂದರೆ 12 ನಿಮಿಷ 40 ಸೆಕೆಂಡು. ಇದು ಬರೀ ಕಾಗದದ ಲೆಕ್ಕವಲ್ಲವೇ ಎನ್ನಬಹುದು. ಅಲ್ಲ, ರೇಡಿಯೋ ಅಲೆಯ ವೇಗವೂ ಬೆಳಕಿನದೇ. 2014ರ ಸೆಪ್ಟೆಂಬರ್ 24ರಂದು ಸುಮಾರು 22.4 ಕೋಟಿ ಕಿ.ಮೀ. ದೂರದಿಂದ ಇಸ್ರೋದ ಮಂಗಳಯಾನ ನೌಕೆಯ ಸಂಕೇತ ಬರಲು ಸುಮಾರು ಹನ್ನೆರಡೂವರೆ ನಿಮಿಷ ಹಿಡಿಯಿತು. ಮಂಗಳದ ಕಕ್ಷೆ ಪೂರ್ತಿ ದುಂಡಗಿಲ್ಲ ಎಂಬ ಆಕ್ಷೇಪ ಮಾತ್ರ ನಿಜ: ಹಾಗಾಗಿ ಬಿಸಿಲಿನ ಪಯಣ ಹನ್ನೊಂದೂವರೆಯಿಂದ ಹದಿನಾಲ್ಕು ನಿಮಿಷಗಳ ನಡುವೆ ಏರಿಳಿಯುತ್ತದೆ.